ಪದಚರ್ಚೆ: ಮರೂನ್ (ಬಣ್ಣ ಅಲ್ಲ, ಜನ). ಸಂಜೆಯೊಳಗೆ ಬೇಕು

ಶಿವಮೊಗ್ಗದಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲೊಂದು ಗ್ರಂಥಾಲಯದಲ್ಲಿ ಆಫ್ರಿಕಾ ಮೂಲದವರ ಚರಿತ್ರೆಯ ಪ್ರದರ್ಶನ ಇದೆ. ಫಲಕಗಳ ಕನ್ನಡ ನನ್ನ ತಲೆಗೆ ಬಂದಿದೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. 1739ರಲ್ಲಿ ಜಮೈಕಾದಲ್ಲಿ ಬ್ರಿಟಿಷರು ಕಜೋ ಎಂಬ ಮುಖಂಡನ ಜೊತೆ ಒಪ್ಪಂದ ಮಾಡಿಕೊಂಡರು. ಅವನ ಜನ ತೋಟಗಳಿಂದ ತಪ್ಪಿಸಿಕೊಂಡು ಗುಡ್ಡ ಸೇರಿ, ಅಲ್ಲೇ ಊರು ಕಟ್ಟಿ, ವರ್ಷಗಟ್ಟಲೆ ಬಡಿದಾಡಿದವರು. ಇಂಗ್ಲಿಷಿನಲ್ಲಿ ಮರೂನ್. 'ಮರೂನರ ಒಪ್ಪಂದ' ಅಂತ ಬರೆದೆ. ಮಗಳು ಓದಿ, "ಯಾವ ಸೀರೆ ಅಮ್ಮ?" ಅಂದಳು. ಪ್ರೆಸ್ಸಿನವರು ಐದು ಗಂಟೆಗೆ ಫೈಲ್ ಕೇಳಿದ್ದಾರೆ.

ಮೈಸೂರಿನಿಂದ:
ಪರಾರಿ ಗುಲಾಮರು. ಮುಗಿಯಿತು.

ಧಾರವಾಡದಿಂದ:
ಮುಗಿಯಲಿಲ್ಲ. ಪರಾರಿ ಪೊಲೀಸರ ಮಾತು, ಕಳ್ಳನಿಗೆ ಹೇಳುವುದು. ಗುಡ್ಡದಲ್ಲೇ ಹುಟ್ಟಿದ ಮಕ್ಕಳು ಯಾರಿಂದ ಪರಾರಿ, ಯಾರ ಗುಲಾಮರು? ಮೇಲಾಗಿ ಎರಡೂ ಅರಬ್ಬಿ ಬೇರಿನ ಪದ. ಬಣ್ಣದ ಮರೂನಿಗೂ ಇದಕ್ಕೂ ನಂಟಿಲ್ಲ. ಅದು ಫ್ರೆಂಚರ ಚೆಸ್ಟ್‌ನಟ್ ಕಾಯಿ. ಇದು ಸ್ಪ್ಯಾನಿಷಿನ ಸಿಮರೋನ್. ಸಾಕಿದವರ ಕೈ ತಪ್ಪಿ ಕಾಡು ಬಿದ್ದ ದನಕ್ಕೆ ಹೇಳುತ್ತಿದ್ದದ್ದು, ಆಮೇಲೆ ಜನಕ್ಕೆ ಅಂಟಿತು. ನಮ್ಮಲ್ಲಿ ತದ್ವತ್ ಪದ ಇದೆಯಲ್ಲ: ಬೀಡಾಡಿ. ಬೀಡಾಡಿ ದನ ಅನ್ನಲ್ವಾ? ಅಚ್ಚಗನ್ನಡ.

ಮೈಸೂರಿನಿಂದ:
ಬೀಡಾಡಿ! ಈ ಜನರ ನಾಯಕಿ ನ್ಯಾನಿ ಇವತ್ತು ಜಮೈಕಾದ 500 ಡಾಲರ್ ನೋಟಿನ ಮೇಲಿದ್ದಾಳೆ. ಫಲಕದಲ್ಲಿ 'ಬೀಡಾಡಿ ಹೆಂಗಸು' ಅಂತ ಹಾಕಿ, ಚೆನ್ನಾಗಿರುತ್ತದೆ. ಬೇರು ಹಿಡಿದು ಅನುವಾದಕ್ಕೆ ಹೊರಟರೆ ಹೀಗೇ. ಇನ್ನು ಗುಲಾಮ ಹೊರಗಿನದಂತೆ. ಒಳಗಿನದು ಯಾವುದು, ದಾಸನೋ? 'ದಾಸರು ಗುಡ್ಡ ಸೇರಿದರು' ಅಂದರೆ ನಮ್ಮ ಜನ ಭಜನೆಗೆ ಹೋದರು ಅಂದುಕೊಳ್ಳುತ್ತಾರೆ. ಫುಲೆಯವರು 1873ರಲ್ಲಿ 'ಗುಲಾಮಗಿರಿ' ಬರೆದು ಅಮೆರಿಕದ ಜನಕ್ಕೆ ಅರ್ಪಿಸಿದ್ದು ಕರಿಯರ ಗುಲಾಮಗಿರಿ ತೊಲಗಿಸಿದ್ದಕ್ಕೇ. ಆ ಪದಕ್ಕೆ ಅಷ್ಟು ತೂಕ ಇದೆ. ಅರಬ್ಬಿ ಅಂತ ಸುಮ್ನೆ ಬಿಸಾಡಬೇಡಿ.

ಧಾರವಾಡದಿಂದ:
ತೊತ್ತು ಇದೆ.

ಮೈಸೂರಿನಿಂದ:
ಅದು ಬೈಗುಳ. ಯಾವ ಕಾಲದಲ್ಲಿದ್ದೀರಿ?

ಯಲ್ಲಾಪುರದಿಂದ:
ಅಕ್ಕ, ಇವರಿಬ್ಬರ ಜಗಳ ಐದು ಗಂಟೆಗೆ ಮುಗಿಯುವುದಿಲ್ಲ. ನಮ್ಮ ಕಡೆ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಅವರ ಹಿರಿಯರಲ್ಲಿ ಹಲವರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದವರು. ನಾವು ಯಾರಾದರೂ ಅವರನ್ನು ಪರಾರಿಗಳು ಅನ್ನುತ್ತೇವಾ? ಸಿದ್ದಿ ಅನ್ನುತ್ತೇವೆ. ಮರೂನ್ ಕೂಡ ಹಾಗೇ, ಈಗ ಒಂದು ಜನದ ಹೆಸರು. ಜಮೈಕಾದ ಅಕಾಂಪಾಂಗಿನಲ್ಲಿ ಅವರೇ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ. ಹೆಸರನ್ನು ಅನುವಾದ ಮಾಡಬೇಡಿ. 'ಮರೂನ್ ಜನ' ಅನ್ನಿ, 'ಜನ' ಸೇರಿದರೆ ಸೀರೆ ನೆನಪಾಗುವುದಿಲ್ಲ. ಹಾಗಂತ 'ಸ್ವಾತಂತ್ರ್ಯ ಒಪ್ಪಂದ' ಅನ್ನಬೇಡಿ. ಮುಂದೆ ಯಾರಾದರೂ ತೋಟದಿಂದ ಓಡಿಬಂದರೆ ಹಿಡಿದು ಒಪ್ಪಿಸಬೇಕು ಅಂತ ಅದರಲ್ಲೇ ಷರತ್ತಿತ್ತು. ಬರೀ ಒಪ್ಪಂದ ಸಾಕು.

ಧಾರವಾಡದವರ ಪದದಲ್ಲಿ ಅರ್ಧ ಮಾತ್ರ ಇಟ್ಟುಕೊಳ್ಳಿ: ಬೀಡು. ಬ್ರೆಜಿಲಿನಲ್ಲಿ ಇಂಥ ಊರಿಗೆ ಕಿಲೊಂಬೊ ಅನ್ನುತ್ತಾರೆ. ಅಂಗೋಲಾದ ಕಿಂಬುಂಡು ನುಡಿಯಿಂದ ಬಂದದ್ದು, ದಂಡು ಇಳಿಯುವ ಜಾಗ. ಹಳೆಗನ್ನಡದ ಬೀಡೂ ಅದೇ.

ಶಿವಮೊಗ್ಗದಿಂದ:
ಅಯ್ಯೋ, ಬ್ರೆಜಿಲಿನ ಅಂಥದ್ದೇ ಊರು ಪಾಲ್ಮಾರೆಸ್, ಅದರ ಫಲಕವೂ ಇದೆ! 1695ರ ನವೆಂಬರ್ 20, ಅಲ್ಲಿನ ಮುಖಂಡ ಜುಂಬಿಯನ್ನು ಪೋರ್ಚುಗೀಸರು ಕೊಂದ ದಿನ. ಅದರಲ್ಲಿ ಕಿಲೊಂಬೊಗೆ 'ವಸಾಹತು' ಅಂತ ಬರೆದುಬಿಟ್ಟಿದ್ದೆ. ಪೋರ್ಚುಗೀಸರದ್ದೂ ವಸಾಹತು, ಅವರಿಂದ ಓಡಿಬಂದವರದ್ದೂ ವಸಾಹತು! 'ಪಾಲ್ಮಾರೆಸ್ ಬೀಡು' ಅಂತ ತಿದ್ದಿದೆ. ಇನ್ನೊಂದು ಹೀಗಿದೆ: '1739: ಮರೂನ್ ಜನದ ಜೊತೆ ಬ್ರಿಟಿಷರ ಒಪ್ಪಂದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಗುಡ್ಡಗಳಲ್ಲಿ ಊರು ಕಟ್ಟಿದವರು ಇವರು.' ಫೈಲ್ ಕಳಿಸಿದೆ.

ಧಾರವಾಡದಿಂದ:
ಗುಲಾಮಗಿರಿ ಉಳಿಸಿಕೊಂಡಿರಿ. ಇರಲಿ. ಆದರೆ ಬಣ್ಣಕ್ಕಾದರೂ ಮರೂನ್ ಯಾಕೆ? ಕೆಂಗಂದು ಅನ್ನಬಹುದಲ್ಲ. ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ.

ಮೈಸೂರಿನಿಂದ:
ದಯವಿಟ್ಟು ಬೇಡ.