‘ಶೂ’ ಅಂದರೆ ಬೂಟಲ್ಲ

ಕಳೆದ ಭಾನುವಾರ ನಮ್ಮ ‘ಮನೆ ಮಂದಿ’ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ನಡುವೆ ಬಂದ ಗುಲಾಬಿ ಹೂವಿನ ಗುಡ್ ಮಾರ್ನಿಂಗ್‌ಗಳನ್ನು ಮಾತ್ರ ತೆಗೆದಿದ್ದೇನೆ. ನಾವಿರುವುದು ಮುಂಬೈಯ ಮುಲುಂಡ್‌ನಲ್ಲಿ. ಮಗಳಿಗೆ ಮೂರೂವರೆ ವರ್ಷ.

ಠಾಣೆ ಅತ್ತಿಗೆ, 9:10
ಈ ಪೋಸ್ಟರ್ ನೋಡು. ನಿಮ್ಮ ಮನೆ ಹತ್ತಿರವೇ ಸಮ್ಮರ್ ಕ್ಯಾಂಪ್. 3ರಿಂದ 6 ವರ್ಷದವರಿಗೆ, ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆ, ಹದಿನೈದು ದಿನ, 9,500 ರೂಪಾಯಿ. ಕೋಡಿಂಗ್, ಪಬ್ಲಿಕ್ ಸ್ಪೀಕಿಂಗ್, ಒಲೆ ಇಲ್ಲದ ಅಡುಗೆ, ನೀರಾಟ ಎಲ್ಲ ಉಂಟು. ಇವತ್ತೇ ಕಟ್ಟಿದರೆ ಸಾವಿರ ಕಡಿಮೆ.

ಪುಣೆ ಭಾವ, 9:14
ಕೋಡಿಂಗಾ? ಅವಳಿಗೆ ಇನ್ನೂ ಎಡಗಾಲಿನ ಚಪ್ಪಲಿ ಯಾವುದು ಅಂತ ಗೊತ್ತಿಲ್ಲ.

ಠಾಣೆ ಅತ್ತಿಗೆ, 9:15
ಕಂಪ್ಯೂಟರ್ ಅಲ್ಲ ಮಾರಾಯ. ಬಾಣದ ಗುರುತಿನ ಕಾರ್ಡ್ ಕೊಟ್ಟು ಆಡಿಸುತ್ತಾರೆ.

ಪುಣೆ ಭಾವ, 9:16
ಕಾರ್ಡ್ ಆಟಕ್ಕೆ 9,500. ನಮ್ಮ ಅಜ್ಜ ಇಸ್ಪೀಟು ಬಿಟ್ಟಿ ಕಲಿಸಿದ್ದರು.

ಮಾವ, 9:31
ಅದೆಲ್ಲ ಬೇಡ. ಮಗುವನ್ನು ಊರಿಗೆ ಕಳಿಸಿ. ಕುಂದಾಪುರದಲ್ಲಿ ಇಲ್ಲದ್ದು ಏನಿದೆ? ಮಾವಿನಹಣ್ಣು ಉಂಟು, ಕರು ಉಂಟು, ಅಂಗಳ ಉಂಟು. ಜೂನ್ ಮಧ್ಯದವರೆಗೆ ಇರಲಿ. ಅಜ್ಜಿ ನೋಡಿಕೊಳ್ಳುತ್ತಾಳೆ.

ಮನೆಯವರು, 9:32
👍

ನಾನು, 9:33
ರೀ, ಆ ಹೆಬ್ಬೆರಳು ಯಾವುದಕ್ಕೆ? ಕ್ಯಾಂಪಿಗಾ, ಊರಿಗಾ?

(ಉತ್ತರ ಬರಲಿಲ್ಲ. ಪಕ್ಕದ ಕೋಣೆಯಲ್ಲೇ ಇದ್ದರು.)

ನಾನು, 9:40
ಮಾವ, ಮತ್ಸ್ಯಗಂಧ ರೈಲಿನಲ್ಲಿ ಟಿಕೆಟ್ ಸಿಗಬೇಕಲ್ಲ. ಮೊದಲಿನ ಹಾಗೆ 120 ದಿನ ಮುಂಚೆ ಬುಕ್ ಮಾಡಲು ಆಗುವುದಿಲ್ಲ, ಈಗ 60 ದಿನ. ಮೇ ತಿಂಗಳದ್ದು ತೆರೆದ ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕೂತಿದ್ದೆ. ಆದರೂ ವೇಟಿಂಗೇ ಬಂತು. ಅವಳಿಗೆ ಐದು ತುಂಬಿಲ್ಲ, ಟಿಕೆಟ್ ಬೇಡ. ಕರೆದುಕೊಂಡು ಬರುವವರಿಗೆ ಬೇಕಲ್ಲ!

ಪುಣೆ ಭಾವ, 9:44
ಹಾಗಾದರೆ ನೀವೇ ಸುತ್ತಿಸಿ. ರಾಣಿಬಾಗ್ ಮೃಗಾಲಯದಲ್ಲಿ ಪೆಂಗ್ವಿನ್ ಉಂಟು. ವರ್ಲಿಯಲ್ಲಿ ನೆಹರೂ ಸೈನ್ಸ್ ಸೆಂಟರ್ ಉಂಟು. ಮಲಬಾರ್ ಹಿಲ್‌ನ ಕಮಲಾ ನೆಹರೂ ಪಾರ್ಕಿನಲ್ಲಿ ಬೂಟಿನ ಮನೆ ಉಂಟು. ನಾವೆಲ್ಲ ಅದನ್ನೇ ಹತ್ತಿ ಇಳಿದು ದೊಡ್ಡವರಾದದ್ದು, ಅಲ್ವಾ ಅಕ್ಕ?

ನಾನು, 9:50
ಭಾವ, ಅದು ವಾರದ ಕೊನೆಯ ಮಾತು. ರಾಣಿಬಾಗ್‌ಗೆ ಬುಧವಾರ ರಜೆ ಉಂಟು, ನನಗೆ ಅದೂ ಇಲ್ಲ. ಸೋಮವಾರದಿಂದ ಶುಕ್ರವಾರ ನಾನು 8:47ರ ಗಾಡಿ ಹಿಡಿಯಬೇಕು. ಮಗುವನ್ನು ನೋಡಿಕೊಳ್ಳುವ ಮೌಶಿ ಬರುವುದು ಮಧ್ಯಾಹ್ನ. ಪ್ಲೇಸ್ಕೂಲ್ ಮುಚ್ಚಿದ ಮೇಲೆ ಬೆಳಿಗ್ಗೆ ಇವಳು ಎಲ್ಲಿರಬೇಕು? ನನಗೆ ಬೇಕಾದದ್ದು ಪ್ರತಿಭೆ ಅಲ್ಲ, ಮೂರು ಗಂಟೆ.

ಠಾಣೆ ಅತ್ತಿಗೆ, 9:51
ಅದಕ್ಕೇ ಅಲ್ವಾ ಕಳಿಸಿದ್ದು! ದುಡ್ಡು ಕಟ್ಟು ಮಾರಾಯ್ತಿ.

ನಾನು, 10:05
ಕಟ್ಟುವ ಮೊದಲು ಒಂದು ಮಾತು ಅತ್ತಿಗೆ. ನಿಮಗೆ ಹೇಳಿರಲಿಲ್ಲ. ದೀಪಾವಳಿ ರಜೆಯಲ್ಲಿ ಬೇರೆ ಒಂದು ಕಡೆ ಕಳಿಸಿದ್ದೆ. ಅವರ ಪೋಸ್ಟರ್ ಇದಕ್ಕಿಂತ ಚೆಂದ ಇತ್ತು. ನಮ್ಮ ಮೌಶಿ ಇವಳಿಗೆ ಉಚ್ಚೆ ಬಂದರೆ ‘ಶೂ ಆಲಿ’ ಅನ್ನಲು ಕಲಿಸಿದ್ದರು. ಮರಾಠಿಯಲ್ಲಿ ಶೂ ಅಂದರೆ ಅದೇ. ಅಲ್ಲಿದ್ದ ಮಿಸ್ ಊರಿಗೆ ಹೊಸಬರು, ಮರಾಠಿ ಬಾರದು. ಇವಳು ‘ಶೂ, ಶೂ’ ಅಂದಿದ್ದಾಳೆ. ಅವರು ಪಾಪ ಬಾಗಿಲ ಹತ್ತಿರ ಹೋಗಿ ಬೂಟು ತಂದು ಹಾಕಿದ್ದಾರೆ. ಇವಳು ಮತ್ತೆ ‘ಶೂ’ ಅಂದಿದ್ದಾಳೆ. ಅವರು ಪಟ್ಟಿ ಬಿಗಿ ಮಾಡಿದ್ದಾರೆ. ಮನೆಗೆ ಬಂದಾಗ ಮೈಮೇಲೆ ಯಾರದೋ ನೀಲಿ ಚಡ್ಡಿ. ಇವಳದ್ದು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಇಟ್ಟಿತ್ತು. ಬೂಟು ಒಳಗೆಲ್ಲ ಒದ್ದೆ. ಅಲ್ಲಿಂದ ಎರಡು ವಾರ ಬೂಟು ಕಂಡರೆ ಬೊಬ್ಬೆ. 22 ಮಕ್ಕಳಿಗೆ ಇಬ್ಬರು ಮಿಸ್, ಒಬ್ಬ ಆಯಾ. ಆ ದಿನ ಆಯಾ ಬಂದಿರಲಿಲ್ಲವಂತೆ. ಅದಕ್ಕೇ, ಕೋಡಿಂಗ್ ಇರಲಿ ಬಿಡಲಿ, ಬಾತ್‌ರೂಮಿಗೆ ಕರೆದುಕೊಂಡು ಹೋಗುವವರು ಯಾರು ಅಂತ ನನಗೆ ಮೊದಲು ಗೊತ್ತಾಗಬೇಕು.

ಪುಣೆ ಭಾವ, 10:07
ಬೂಟಿನ ಮನೆಗೇ ಹೋಗಿ ಅಂತ ನಾನು ಆಗಲೇ ಹೇಳಿದೆ 😄

ಠಾಣೆ ಅತ್ತಿಗೆ, 10:08
ನಿನಗೆ ಎಲ್ಲವೂ ತಮಾಷೆ. ನೋಡಮ್ಮ, ಫೋನ್ ಮಾಡಿ ಕೇಳು. ನೀರಾಟದ ತೊಟ್ಟಿ ಎಷ್ಟು ಆಳ, ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಅಂತಲೂ ಕೇಳು. ಮೊಣಕಾಲುದ್ದ ನೀರೂ ಈ ವಯಸ್ಸಿಗೆ ಅಪಾಯವೇ.

ಪುಣೆ ಭಾವ, 10:15
ತಮಾಷೆ ಬಿಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಮೂರು ನಾಲ್ಕು ವರ್ಷದವರು ದಿನಕ್ಕೆ ಮೂರು ಗಂಟೆಯಾದರೂ ಮೈ ಆಡಿಸಬೇಕು. ಅದರಲ್ಲಿ ಒಂದು ಗಂಟೆ ಓಡಬೇಕು, ಕುಣಿಯಬೇಕು. ನಿದ್ದೆ 10ರಿಂದ 13 ಗಂಟೆ. ಟಿವಿ, ಮೊಬೈಲ್ ಒಂದು ಗಂಟೆ ಮೀರಬಾರದು. ಈ ಪೋಸ್ಟರಿನಲ್ಲಿ ಓಡುವುದು ಎಲ್ಲಿದೆ ತೋರಿಸಿ.

ಠಾಣೆ ಅತ್ತಿಗೆ, 10:16
ನಿನ್ನ ಮಗ ದಿನಕ್ಕೆ ಎಷ್ಟು ಗಂಟೆ ಮೊಬೈಲ್ ಹಿಡಿಯುತ್ತಾನೆ?

(ಭಾವ ಸಂಜೆವರೆಗೆ ನಾಪತ್ತೆ.)

ಮಾವ, 10:40
ಇಲ್ಲಿ ತೆಂಗಿನ ಮಡಲು ಎಳೆದುಕೊಂಡು ಅಂಗಳ ಸುತ್ತಿದರೆ ಮೂರು ಗಂಟೆ ತಾನಾಗಿ ಆಗುತ್ತದೆ. ನನ್ನ ಮಾತು ಯಾರು ಕೇಳುತ್ತಾರೆ.

ಅತ್ತೆ, 3:50 (ವಾಯ್ಸ್ ಮೆಸೇಜ್, ಕೇಳಿ ಬರೆದುಕೊಂಡದ್ದು)
ಈಗ ಎದ್ದು ನೋಡಿದೆ. ಅಜ್ಜಿ ನೋಡಿಕೊಳ್ಳುತ್ತಾಳೆ ಅಂತ ಅಜ್ಜ ಹಾಕಿದ್ದಾರೆ. ಅಜ್ಜಿಯನ್ನು ಯಾರಾದರೂ ಕೇಳಿದಿರಾ? ನನ್ನ ಮಂಡಿ ನನ್ನ ಮಾತನ್ನೇ ಕೇಳುವುದಿಲ್ಲ. ಬಾವಿಕಟ್ಟೆ ಗಿಡ್ಡ. ಬಲೆ ಹಾಕಿಸಿ ಅಂತ ಎರಡು ವರ್ಷದಿಂದ ಹೇಳುತ್ತಿದ್ದೇನೆ. ಮಗು ಬಂದರೆ ನನಗೇನು ಬೇಜಾರಾ? ಅಪ್ಪ ಅಮ್ಮನ ಜೊತೆ ಬರಲಿ, ಒಂದು ವಾರ ಇರಲಿ. ಒಂದೂವರೆ ತಿಂಗಳು ಒಬ್ಬಳನ್ನೇ ಬಿಟ್ಟರೆ ಅವಳ ಹಿಂದೆ ಓಡುವವರು ಯಾರು? ಅಜ್ಜ ಪೇಪರ್ ಓದುತ್ತಾರೆ.

ಮಾವ, 3:58
ಬಲೆ ನಾಳೆಯೇ ಹಾಕಿಸುತ್ತೇನೆ.

ಅತ್ತೆ, 3:59
ಎರಡು ವರ್ಷದಿಂದ ನಾಳೆ.

ನಾನು, 6:20
ಕ್ಯಾಂಪಿಗೆ ಫೋನ್ ಮಾಡಿದೆ. 18 ಮಕ್ಕಳು, ಮೂವರು ಮಿಸ್, ಇಬ್ಬರು ಮೌಶಿ. ಬಾತ್‌ರೂಮ್ ಒಳಗೇ ಉಂಟು. ನೀರಾಟ ಟಬ್ಬಿನಲ್ಲಂತೆ, ತೊಟ್ಟಿ ಅಲ್ಲ. ಮೂರು ವರ್ಷದವರನ್ನೂ ಆರು ವರ್ಷದವರನ್ನೂ ಒಟ್ಟಿಗೇ ಕೂರಿಸುತ್ತಾರೆ, ಅದೊಂದು ನನಗೆ ಹಿಡಿಸಲಿಲ್ಲ. ಮೊದಲ ದಿನ ಒಳಗೆ ಕೂತು ನೋಡುತ್ತೇನೆ ಅಂದೆ, ಒಪ್ಪಿದರು. ಒಂದು ವಾರದ ದುಡ್ಡು ಮಾತ್ರ ಕಟ್ಟಿದ್ದೇನೆ. ಬೆಳಿಗ್ಗೆ ಅವಳನ್ನು ಬಿಡುವುದು ನಮ್ಮ ಮನೆಯವರು. ವೇಟಿಂಗ್ ಕನ್ಫರ್ಮ್ ಆದರೆ ಆಮೇಲೆ ಒಂದು ವಾರ ಮೂವರೂ ಊರಿಗೆ.

ಠಾಣೆ ಅತ್ತಿಗೆ, 6:22
ಒಂದು ವಾರ ಅಂದರೆ ಸಾವಿರದ ಡಿಸ್ಕೌಂಟ್ ಹೋಯಿತಾ? ಬೆಳಿಗ್ಗೆಯೇ ಹೇಳಿದೆ.

ಮನೆಯವರು, 6:22
👍

ಅತ್ತೆ, 6:30
ಅದಿರಲಿ. ಅಲ್ಲಿಯ ಮಿಸ್ಸಿಗೆ ಮರಾಠಿ ಬರುತ್ತದಾ?

ನಾನು, 6:31
ಅಯ್ಯೋ, ಅದನ್ನೇ ಕೇಳಲಿಲ್ಲ. ಶೂ ಅಂದರೆ ಉಚ್ಚೆ ಅಂತ ಚೀಟಿ ಬರೆದು ಬ್ಯಾಗಿಗೆ ಅಂಟಿಸುತ್ತೇನೆ.

ಪುಣೆ ಭಾವ, 6:33
ಕನ್ನಡದಲ್ಲಿ ಬರೆಯಬೇಡಮ್ಮ ಮತ್ತೆ.