ಫೋರ್ಸೆಪ್ಸ್ ಹೆರಿಗೆ, ಮಗುವಿನ ಕಣ್ಣು: ಈ ಇಕ್ಕಳ ಇನ್ನೂ ಬೇಕಾ?

ಮಳೆಹನಿ: ಮಗಳು ಹುಟ್ಟಿದ್ದು ಫೋರ್ಸೆಪ್ಸ್ ಹಾಕಿ, ಅಂದ್ರೆ ತಲೆಯನ್ನ ಎರಡು ಬ್ಲೇಡಿನ ನಡುವೆ ಹಿಡಿದು ಎಳೆದು. ಆಗ ಎಡಗಣ್ಣಿನ ಕಪ್ಪುಗುಡ್ಡೆ ಮಂಜು ಕವಿದ ಹಾಗಿತ್ತು. ‘ತಾನೇ ಸರಿಹೋಗುತ್ತೆ’ ಅಂದರು, ಮಂಜೇನೋ ಹೋಯ್ತು. ಮೂರು ವರ್ಷ ಆದಮೇಲೆ ತೋರಿಸಿದರೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಳಪೊರೆ ಹರಿದು ಮೇಲಿಂದ ಕೆಳಕ್ಕೆ ಉದ್ದುದ್ದ ಎರಡು ಗೆರೆ, ದೊಡ್ಡ ಸಿಲಿಂಡರ್ ಪವರ್ (ಕಾರ್ನಿಯಾದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ), ಕಣ್ಣು ಸೋಮಾರಿಯಾಗಿದೆ, ಅಂದ್ರೆ ಮಿದುಳು ಆ ಕಣ್ಣನ್ನ ಸರಿಯಾಗಿ ಬಳಸ್ತಿಲ್ಲ. ಈ ಇಕ್ಕಳವನ್ನ ಇನ್ನೂ ಯಾಕೆ ಇಟ್ಕೊಂಡಿದ್ದಾರೆ?

ರಾತ್ರಿಪಾಳಿ: ‘ಇಕ್ಕಳ’ ಅನ್ನಬೇಡಿ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡೋಳು ನಾನು. ಅದರ ಬ್ಲೇಡು ತಲೆಯ ಆಕಾರಕ್ಕೇ ಬಾಗಿರುತ್ತೆ. ಗರ್ಭಕಂಠ ಪೂರ್ತಿ ತೆರೆಯದೆ, ತಲೆ ಯಾವ ಕಡೆ ತಿರುಗಿದೆ ಅಂತ ಖಚಿತವಾಗದೆ ಹಾಕಬಾರದು. ಮಗುವಿನ ಎದೆಬಡಿತ ಇಳೀತಿದೆ, ತಲೆ ತೀರಾ ಕೆಳಗೆ ಬಂದಿದೆ ಅಂದಾಗ ಸಿಸೇರಿಯನ್ನೂ ಸಲೀಸಲ್ಲ.

ಅಡ್ಡಮಾತು: ‘ಹಾಕಬಾರದು’ ಅಂದ್ರೆ ಹಾಕ್ತಾರೆ ಅಂತಲೇ ಅರ್ಥ. ತಲೆಗೆ ಬಟ್ಟಲು ಅಂಟಿಸಿ ಎಳೆಯೋ ವ್ಯಾಕ್ಯೂಮ್ ಇದೆಯಲ್ಲ, ಅದು ಕಣ್ಣಿನ ತಂಟೆಗೇ ಹೋಗಲ್ಲ.

ಕನ್ನಡಕ: ತಂಟೆಗೆ ಹೋಗಲ್ವಾ? ಅಕ್ಷಿಪಟಲದ (ಕಣ್ಣಿನ ಹಿಂಭಾಗದ ರೆಟಿನಾ) ರಕ್ತಸ್ರಾವ ಫೋರ್ಸೆಪ್ಸಿಗಿಂತ ವ್ಯಾಕ್ಯೂಮಿನಲ್ಲೇ ಹೆಚ್ಚು ಸ್ವಾಮಿ.

ಅಡ್ಡಮಾತು: ಆ ರಕ್ತ ಕೆಲವು ವಾರಕ್ಕೆ ಕರಗುತ್ತೆ, ಸಹಜ ಹೆರಿಗೆಯ ಮಕ್ಕಳಲ್ಲೂ ಇರುತ್ತೆ. ಹರಿದ ಡೆಸ್ಸೆಮೆಟ್ ಪೊರೆಯ, ಅದೇ ಕಾರ್ನಿಯಾದ ಒಳಪೊರೆಯ, ಗೆರೆ ಕರಗುತ್ತಾ? ಅರ್ಧ ಹೇಳಿ ಓಡಬೇಡಿ.

ಸೂಲಗಿತ್ತಿ ಮೊಮ್ಮಗಳು: ಇಕ್ಕಳ ಅಂದ್ರೆ ಏನು ತಪ್ಪು? ಎರಡು ತೋಳು, ನಡುವೆ ಕೂಡಿಕೆ, ಹಿಡಿದು ಎಳೆಯೋದು. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಚೇಂಬರ್ಲೆನ್ ಮನೆತನದವರು ಆ ಸಾಧನವನ್ನೇ ತಲೆಮಾರುಗಟ್ಟಲೆ ಗುಟ್ಟಾಗಿಟ್ಟರು. ನೀವೀಗ ಹೆಸರನ್ನೂ ಮುಚ್ಚಿಡಿ.

ರಾತ್ರಿಪಾಳಿ: ಇಕ್ಕಳ ಹಿಚುಕುತ್ತೆ. ಇದು ಹಿಡಿಯುತ್ತೆ. ಈ ಪದ ಓದಿದ ಬಸುರಿಯರು ಎಷ್ಟು ಹೆದರ್ತಾರೆ ಗೊತ್ತೇನ್ರೀ?

ಸೂಲಗಿತ್ತಿ ಮೊಮ್ಮಗಳು: ಹಿಚುಕದೇ ಪೊರೆ ಹರೀತಾ? ಬ್ಲೇಡು ಜಾರಿ ಕಣ್ಣುಗುಡ್ಡೆಯನ್ನ ಮೇಲಿನ ಮೂಳೆಗೆ ಒತ್ತಿದಾಗ ತಾನೇ ಉದ್ದಗೆರೆ ಬೀಳೋದು?

ರಾತ್ರಿಪಾಳಿ: ‘ಜಾರಿ’ ಅಂತ ನೀವೇ ಬರೆದ್ರಲ್ಲ! ಅದು ಹಾಕಿದವರ ತಪ್ಪು, ಸಾಧನದ್ದಲ್ಲ.

ಅಡ್ಡಮಾತು: ಆಹಾ. ಚಾಕು ನಿರಪರಾಧಿ.

ಕನ್ನಡಕ: ಮಂಜುಗಣ್ಣು ಕಂಡ ಕೂಡಲೆ ಫೋರ್ಸೆಪ್ಸ್ ಅನ್ನಬೇಡಿ. ಹುಟ್ಟು ಗ್ಲಾಕೋಮಾದಲ್ಲೂ ಅದೇ ಪೊರೆ ಹರಿಯುತ್ತೆ; ಸಾಮಾನ್ಯವಾಗಿ ಗೆರೆ ಅಡ್ಡಡ್ಡ, ಕಾರ್ನಿಯಾ ದೊಡ್ಡದು, ಕಣ್ಣೊಳಗಿನ ಒತ್ತಡ ಜಾಸ್ತಿ. ಒತ್ತಡ ನೋಡಿಸಿದ್ರಾ?

ಮಳೆಹನಿ: ನೋಡಿಸಿದೀನಿ, ಸರಿ ಇದೆ. ಗೆರೆ ಉದ್ದ ಅಂತ ಮೊದಲೇ ಬರೆದಿದ್ದೆ, ಓದಿ. ಮಂಜು ಹೋದಮೇಲೂ ಪವರ್ ಪರೀಕ್ಷೆ ಮಾಡಿಸಿ, ತಡವಾದ್ರೆ ಕಣ್ಣು ಸೋಮಾರಿಯಾಗುತ್ತೆ ಅಂತ ಒಬ್ಬರೂ ಯಾಕೆ ಹೇಳಲಿಲ್ಲ?

ರಾತ್ರಿಪಾಳಿ: ಅದು ಕಣ್ಣಿನ ವಿಭಾಗದವರು ಹೇಳಬೇಕು.

ಕನ್ನಡಕ: ನೀವು ನಮ್ಮ ಹತ್ರ ಕಳಿಸಿದ್ರೆ ತಾನೇ?

ಸೂಲಗಿತ್ತಿ ಮೊಮ್ಮಗಳು: ಇಕ್ಕಳವೂ ಹಿಡಿಯುತ್ತೆ. ಇದಕ್ಕೆ ಉತ್ತರ ಬಂದಿಲ್ಲ.

ಮಳೆಹನಿ: ಸೋಮಾರಿ ಕಣ್ಣು ಕೆಲಸ ಮಾಡಲಿ ಅಂತ ದಿನಾ ಅವಳ ಒಳ್ಳೇ ಕಣ್ಣಿಗೆ ಪ್ಯಾಚ್ ಅಂಟಿಸ್ತೀನಿ, ಅತ್ತುಕೊಂಡು ಕಿತ್ತು ಬಿಸಾಕ್ತಾಳೆ. ಇಕ್ಕಳವೋ ಫೋರ್ಸೆಪ್ಸೋ, ನೀವೇ ತೀರ್ಮಾನ ಮಾಡ್ಕೊಳ್ಳಿ.

ರಾತ್ರಿಪಾಳಿ: ಫೋರ್ಸೆಪ್ಸ್.