ಪದಚರ್ಚೆ: ‘ದಂಡಿನ ಪಾದ್ರಿ’ ಅನ್ನಬಹುದಾ? ಜತೆಗೆ ಒಂದು ‘ನಾನೇ’

ಎಲ್ಲರಿಗೂ ನಮಸ್ಕಾರ.

ಥಿಯೊಡೋರ್ ಬೇಯ್ಲಿ ಹಾರ್ಡಿ ಎಂಬ ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿಯ ಬದುಕನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಣ್ಣ ಪುಸ್ತಕ, ಇಪ್ಪತ್ತು ಪುಟ ಆಗಬಹುದು. ಬರೆಯುತ್ತಾ ಬರೆಯುತ್ತಾ ಒಂದೆರಡು ಮಾತಿನ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

ಮೊದಲು ಅವರ ಕತೆ ಸ್ವಲ್ಪ ಹೇಳುತ್ತೇನೆ. ಹುಟ್ಟಿದ್ದು 1863ರಲ್ಲಿ, ಎಕ್ಸೆಟರ್‌ನಲ್ಲಿ. ಬಹಳ ವರ್ಷ ಮೇಷ್ಟರಾಗಿದ್ದರು, ಆಮೇಲೆ ಹೆಡ್‌ಮಾಸ್ಟರು. 1913ರಲ್ಲಿ ಹಟನ್ ರೂಫ್ ಎಂಬ ಸಣ್ಣ ಹಳ್ಳಿಯ ಚರ್ಚಿಗೆ ಬಂದರು. ಮರುವರ್ಷ ಹೆಂಡತಿ ತೀರಿಕೊಂಡರು. ಅದೇ ವರ್ಷ ಮೊದಲ ಮಹಾಯುದ್ಧವೂ ಶುರುವಾಯಿತು. ಸೈನಿಕರ ಜತೆ ಇರುತ್ತೇನೆ, ಕಳಿಸಿ ಅಂತ ಕೇಳಿದರೆ ವಯಸ್ಸಾಯ್ತು ಅಂದರು. ಪಟ್ಟು ಬಿಡದೆ 1916ರಲ್ಲಿ, 52ನೇ ವಯಸ್ಸಿನಲ್ಲಿ, ಫ್ರಾನ್ಸ್‌ಗೆ ಹೋದರು. ಲಿಂಕನ್‌ಶೈರ್ ರೆಜಿಮೆಂಟಿನ 8ನೇ ಬೆಟಾಲಿಯನ್ ಜತೆ ಇದ್ದರು. ಕೈಯಲ್ಲಿ ಆಯುಧ ಇಲ್ಲ. ಯುದ್ಧ ಮುಗಿಯುವಷ್ಟರಲ್ಲಿ ಎಂ.ಸಿ., ಡಿ.ಎಸ್.ಒ., ವಿಕ್ಟೋರಿಯಾ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯ ಪದಕಗಳು ಮೂರೂ ಅವರಿಗೆ ಬಂದಿದ್ದವು.

ಸೈನಿಕರ ಜತೆ ಇರುವ ಇಂಥ ಪಾದ್ರಿಗಳ ಹುದ್ದೆಗೆ ಇಂಗ್ಲಿಷಿನಲ್ಲಿ ಚಾಪ್ಲಿನ್ ಅನ್ನುತ್ತಾರೆ. ಕನ್ನಡದಲ್ಲಿ ಹಾಗೇ ಬರೆದರೆ ಓದುವವರ ಕಣ್ಣ ಮುಂದೆ ಮೀಸೆ, ಟೋಪಿ, ಕೋಲು ಹಿಡಿದ ಆ ನಟನೇ ಬರುತ್ತಾನೆ. ಬರೆಯುವ ರೀತಿಯೂ ಒಂದೇ ಆಗಿಬಿಡುತ್ತದೆ. ಹಾಗಾಗಿ ಅದು ಬೇಡ. ‘ಸೇನಾ ಧರ್ಮಗುರು’ ಅಂತ ಕೆಲವರು ಸೂಚಿಸಿದರು. ತಪ್ಪಲ್ಲ. ನಮ್ಮ ಭಾರತೀಯ ಸೇನೆಯಲ್ಲಿ ಧರ್ಮಗುರು ಅನ್ನುವ ಹುದ್ದೆಯೇ ಇದೆ. ಭರ್ತಿ ಪ್ರಕಟಣೆಯಲ್ಲಿ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು ಅಂತ ಬಿಡಿಸಿ ಹಾಕಿರುತ್ತಾರೆ. ಆದರೆ ಕನ್ನಡದಲ್ಲಿ ಧರ್ಮಗುರು ಅಂದ ಕೂಡಲೇ ಪೀಠದ ಮೇಲೆ ಕೂತವರು ನೆನಪಾಗುತ್ತಾರೆ. ಹಾರ್ಡಿ ಕೂತವರಲ್ಲ. ರಾತ್ರಿಯೆಲ್ಲ ಕೆಸರಲ್ಲಿ ಓಡಾಡಿದವರು.

ನನ್ನ ಮನಸ್ಸು ‘ಪಾದ್ರಿ’ ಕಡೆಗೇ ಇದೆ. ಅದಕ್ಕೆ ಕಾರಣವೂ ಇದೆ. ಈ ಪದ ಪೋರ್ಚುಗೀಸರ ಜತೆ ಗೋವಾ ಕಡೆಯಿಂದ ನಮ್ಮ ಭಾಷೆಗಳಿಗೆ ಬಂತು. ಮೂಲದಲ್ಲಿ ಅಪ್ಪ ಅಂತ ಅರ್ಥ. ಇಲ್ಲಿದ್ದ ಬ್ರಿಟಿಷ್ ಪಡೆಗಳ ಬಾಯಿಗೂ ಅದು ಹತ್ತಿತು. ಆಮೇಲೆ ಅವರ ಸೇನೆಯುದ್ದಕ್ಕೂ ಹರಡಿ, 1914ರ ಹೊತ್ತಿಗೆ ಇಂಗ್ಲೆಂಡಿನ ಮಾಮೂಲಿ ಸಿಪಾಯಿಯೂ ತನ್ನ ಚಾಪ್ಲಿನ್‌ನನ್ನು ‘ಪಾದ್ರೆ’ ಅಂತಲೇ ಕರೆಯುತ್ತಿದ್ದ. ಹಾರ್ಡಿಗೆ ಪರಿಚಯವಿದ್ದ ಇನ್ನೊಬ್ಬ ಪ್ರಸಿದ್ಧ ಪಾದ್ರಿ ಸ್ಟಡರ್ಟ್ ಕೆನಡಿ. 1918ರಲ್ಲಿ ಬಂದ ಅವರ ಪದ್ಯಗಳ ಪುಸ್ತಕದ ಹೆಸರಿನಲ್ಲೇ ಈ ಪದ ಇದೆ. ಅಂದರೆ ನಾವು ಪಾದ್ರಿ ಅಂತ ಬರೆದರೆ ಅದು ಅನುವಾದವೇ ಅಲ್ಲ, ಅಲ್ವಾ? ಫ್ರಾನ್ಸಿನ ಕಂದಕದಲ್ಲಿ ಆ ಹುಡುಗರು ಕೂಗಿದ ಪದವೇ ಅದು.

ಸುಮ್ನೆ ಪಾದ್ರಿ ಅಂದರೆ ಹಳ್ಳಿ ಚರ್ಚಿನವರು ಯಾರು, ಸೈನ್ಯದವರು ಯಾರು ಗೊತ್ತಾಗುವುದಿಲ್ಲ. ಅದಕ್ಕೆ ‘ದಂಡಿನ ಪಾದ್ರಿ’ ಅಂತ ಬರೆದಿದ್ದೇನೆ. ದಂಡು ಹಳೆಯ ಪದ, ಆದರೆ ಸತ್ತಿಲ್ಲ. ಬೆಂಗಳೂರಿನ ಕಂಟೋನ್ಮೆಂಟನ್ನು ಜನ ದಂಡು ಅಂತಲೇ ಕರೆಯುತ್ತಿದ್ದರು. ಮಧುಗಿರಿಯಲ್ಲಿ ದಂಡಿನ ಮಾರಮ್ಮ ಇದ್ದಾಳೆ. ಕಿವಿಗೆ ಹೊಸದು ಅನ್ನಿಸುವುದಿಲ್ಲ. ಒಂದೇ ಒಂದು ಅನುಮಾನ. ನಮ್ಮಲ್ಲಿ ಚರ್ಚಿಗೆ ಹೋಗುವವರು ಎದುರಿಗೆ ‘ಪಾದ್ರಿ’ ಅಂತ ಕರೆಯುವುದಿಲ್ಲ. ಫಾದರ್, ಸ್ವಾಮಿ, ಪಾಸ್ಟರ್, ಸಭಾಪಾಲಕರು, ಹೀಗೆ ಒಬ್ಬೊಬ್ಬರದು ಒಂದೊಂದು. ಬರೀ ಪಾದ್ರಿ ಅಂದರೆ ಹೊರಗಿನವರು ದೂರ ನಿಂತು ಹೇಳಿದ ಹಾಗೆ ಕೇಳಿಸುತ್ತದಾ? ಸಿಪಾಯಿಗಳ ಮಾತಿನಲ್ಲಿ ‘ಪಾದ್ರಿಗಳೇ’ ಅಂತ ಮಾಡಿದರೆ ಸರಿಹೋಗುತ್ತದಾ? ಕ್ರೈಸ್ತ ಗೆಳೆಯರು ಬಿಚ್ಚುಮನಸ್ಸಿನಿಂದ ಹೇಳಬೇಕು.

ಎರಡನೆಯದು ನನಗೆ ಜಾಸ್ತಿ ಮುಖ್ಯವಾದದ್ದು. ಮುಂಚೂಣಿಯಲ್ಲಿ ಸೈನಿಕರ ಜತೆಗೇ ಇರಿ, ಅವರು ಹೋದಲ್ಲೆಲ್ಲ ಹೋಗಿ ಅಂತ ಹಾರ್ಡಿಗೆ ಹೇಳಿದ್ದು ಅದೇ ಸ್ಟಡರ್ಟ್ ಕೆನಡಿ. ಹಾರ್ಡಿ ಹಾಗೇ ನಡೆದುಕೊಂಡರು. ಕತ್ತಲಾದ ಮೇಲೆ ಮುಂದಿನ ಕಾವಲಿನವರೆಗೂ ಹೋಗುತ್ತಿದ್ದರು. ಹತ್ತಿರ ಬಂದಾಗ ಮೆಲ್ಲಗೆ ‘ಇಟ್ಸ್ ಓನ್ಲಿ ಮಿ’ ಅನ್ನುತ್ತಿದ್ದರು. ಈ ಮಾತಿಂದಲೇ ಅವರನ್ನು ನೆನೆಯುವವರಿದ್ದಾರೆ.

ಇದನ್ನು ‘ನಾನು ಮಾತ್ರ’ ಅಂತ ಹಾಕಿದರೆ ಕೆಟ್ಟಿತು. ಜತೆಗೆ ಬೇರೆ ಯಾರೂ ಬಂದಿಲ್ಲ ಅಂತ ಅರ್ಥವಾಗುತ್ತದೆ. ‘ನಾನಷ್ಟೇ’ ಕೂಡ ಹಾಗೇ. ಕದ ತಟ್ಟಿದವರನ್ನು ಯಾರು ಅಂತ ಕೇಳಿದರೆ ನಾವು ಹೇಳುವುದು ‘ನಾನೇ’. ಕೊನೆಯ ಆ ‘ಏ’ಯಲ್ಲೇ ಎಲ್ಲ ಇದೆ: ನಿಮಗೆ ಗೊತ್ತಿರುವವನು, ಗಾಬರಿ ಬೇಡ. ಆದರೆ ಕಾವಲಲ್ಲಿ ಇರುವವನ ಬೆರಳು ಬಂದೂಕಿನ ಕುದುರೆ ಮೇಲೆ ಇರುತ್ತದೆ. ಹುಡುಗ ಹೆದರಿದ್ದಾನೆ. ಬರುತ್ತಿರುವವರಿಗೆ ಅವನ ಅಪ್ಪನ ವಯಸ್ಸು. ಹಾಗಾಗಿ ‘ನಾನೇ ಕಣ್ರಪ್ಪಾ’ ಅಂತ ಬರೆದೆ. ‘ಕಣ್ರೋ’ ಅಂದರೆ ಓರಗೆಯವರ ಸಲುಗೆ ಬಂದುಬಿಡುತ್ತದೆ. ‘ಅಪ್ಪಾ’ದಲ್ಲಿ ಹಿರಿಯರ ಅಕ್ಕರೆ ಇದೆ. ಆದರೆ ಇದು ಪೂರಾ ಮೈಸೂರು ಸೀಮೆಯ ಮಾತು. ಧಾರವಾಡದ ಕಡೆಯವರಾದರೆ ‘ನಾನ ಬಂದೀನ್ರಪಾ’ ಅನ್ನುತ್ತಾರೇನೋ. ಎಲ್ಲ ಸೀಮೆಯವರ ಕಿವಿಗೂ ಒಗ್ಗುವ ಮಾತು ಯಾವುದಾದರೂ ಇದೆಯಾ, ಅಥವಾ ಬರೀ ‘ನಾನೇ’ ಸಾಕಾ?

ಇನ್ನೊಂದು ಕೇಳಿ ಮುಗಿಸುತ್ತೇನೆ. 1917ರಲ್ಲಿ ಬೆಲ್ಜಿಯಂನ ಈಪ್ರ್ ಭಾಗದಲ್ಲಿ, ಎರಡೂ ಕಡೆಯ ಕಾವಲುಗಳ ನಡುವೆ, ಕೆಲವರು ಕೆಸರಲ್ಲಿ ಹೂತುಹೋಗಿದ್ದರು. ಅವರನ್ನು ತರಲು ಹೊರಟ ತಂಡದ ಜತೆ ಹಾರ್ಡಿ ತಾವಾಗಿ ಹೋದರು. ಅವರ ಎಡ ಮಣಿಕಟ್ಟು ಮುರಿದು ದಬ್ಬೆ ಕಟ್ಟಿತ್ತು. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಸಿಕ್ಕಿದರು. ಆ ಒಬ್ಬನನ್ನು ಎಷ್ಟು ಎಳೆದರೂ ಬಿಡಿಸಲಾಗಲಿಲ್ಲ. ತೀರಾ ಹತ್ತಿರದಿಂದ ಗುಂಡು ಬರುತ್ತಿತ್ತು. ಹಾರ್ಡಿ ಅವನನ್ನು ಬಿಟ್ಟು ಬರಲಿಲ್ಲ. ಪ್ರಾಣ ಹೋಗುವವರೆಗೂ ಪಕ್ಕದಲ್ಲೇ ಇದ್ದರು. ಡಿ.ಎಸ್.ಒ. ಬಂದದ್ದು ಇದಕ್ಕೆ. ಅವನ ದೇಹಕ್ಕೂ ಆತ್ಮಕ್ಕೂ ಸಮಾಧಾನ ಕೊಟ್ಟರು ಎಂಬ ಅರ್ಥದ ಮಾತು ಸರ್ಕಾರಿ ಒಕ್ಕಣೆಯಲ್ಲಿದೆ. ಮೊದಲು ನಾನು ‘ಶಾರೀರಿಕ ಹಾಗೂ ಆತ್ಮಿಕ ಸಾಂತ್ವನ ನೀಡಿದರು’ ಅಂತ ಬರೆದೆ. ಓದಿದರೆ ಆಫೀಸಿನ ಸುತ್ತೋಲೆ ಥರ ಇತ್ತು. ಹೊಡೆದುಹಾಕಿದೆ. ಈಗ ‘ಸಂತೈಸಿದರು’ ಅಂತ ಒಂದೇ ಪದ ಇಟ್ಟಿದ್ದೇನೆ. ಅಳುವ ಮಗುವನ್ನು ಸಂತೈಸುತ್ತೇವೆ. ಕನ್ನಡ ಬೈಬಲ್ಲಿನ ಯೆಶಾಯನ ಪುಸ್ತಕದಲ್ಲೂ ಇದೇ ಪದ ಇದೆ. ಆದರೆ ಮೈಗೆ ಮಾಡುವ ಆರೈಕೆ ಇದರಲ್ಲಿ ಬರುತ್ತದಾ? ನೀರು ಕುಡಿಸುವುದು, ತಲೆ ಎತ್ತಿ ಹಿಡಿಯುವುದು, ಇಂಥದ್ದೆಲ್ಲ? ‘ಉಪಚರಿಸಿ, ಸಂತೈಸಿ’ ಅಂತ ಎರಡೂ ಇಡಬೇಕಾ?

1918ರ ಅಕ್ಟೋಬರ್ 11ರಂದು ಫ್ರಾನ್ಸಿನ ಸೆಲ್ ನದಿ ಹತ್ತಿರ ಹಾರ್ಡಿಗೆ ಗುಂಡು ತಗುಲಿತು. 18ರಂದು ರುಆನ್ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಇನ್ನೆರಡು ದಿನಕ್ಕೆ 55 ತುಂಬುತ್ತಿತ್ತು. ಆ ಕೊನೆಯ ಪುಟ ಬರೆದಾಗಿದೆ. ಈ ಮೂರು ಮಾತು ಮಾತ್ರ ಬಾಕಿ. ಎರಡು ವಾರದೊಳಗೆ ತಿಳಿಸಿದರೆ ಅಚ್ಚಿಗೆ ಕೊಡುವ ಮುಂಚೆ ತಿದ್ದಿಕೊಳ್ಳುತ್ತೇನೆ.